ನಿಮ್ಮ ಬ್ರಹ್ಮಹೃದಯ ಲೇಖನದ ಬಗ್ಗೆ, ಮುಲಾಜಿಲ್ಲದೆ

ನಮಸ್ಕಾರ.

‘ಬ್ರಹ್ಮಹೃದಯ: ವಿಶ್ವದ ವಿಸ್ಮಯ’ ಎಂದು ಬ್ರಹ್ಮಹೃದಯ (ಕಪೆಲ್ಲಾ) ನಕ್ಷತ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ. ನವೆಂಬರ್ ರಾತ್ರಿ ಎಂಟು ಗಂಟೆ, ಕರೆಂಟ್ ಹೋಗಿದೆ, ನೀವೂ ಅಜ್ಜಿಯೂ ತಾರಸಿ ಮೇಲೆ. ಈಶಾನ್ಯದಲ್ಲಿ ತೆಂಗಿನ ಮರದ ಪಕ್ಕ ಏನೋ ಕೆಂಪು, ಹಸಿರು, ನೀಲಿ ಅಂತ ಮಿಣಮಿಣ ಅನ್ನುತ್ತಿದೆ. ‘ವಿಮಾನ ಯಾಕೋ ನಿಂತ್‌ಬಿಟ್ಟಿದೆ ನೋಡು’ ಅಂತಾರೆ ಅಜ್ಜಿ. ಎಷ್ಟು ಚೆನ್ನಾಗಿದೆ! ಅದರ ಹಿಂದಿನ ಮೂರು ಪುಟಗಳಲ್ಲಿ ‘ಅನಂತ ಬ್ರಹ್ಮಾಂಡದ ಅಗಾಧ ಮಡಿಲು’ ಇದೆ, ‘ಊಹೆಗೂ ನಿಲುಕದ ದೂರ’ ಇದೆ. ಅವನ್ನು ಯಾವ ನಕ್ಷತ್ರದ ಲೇಖನಕ್ಕೆ ಅಂಟಿಸಿದರೂ ಅಂಟುತ್ತವೆ. ತೆಗೆದುಬಿಡಿ. ದೂರವಂತೂ ಊಹೆಗೆ ನಿಲುಕದ್ದೇನಲ್ಲ, ಸುಮಾರು 43 ಜ್ಯೋತಿರ್ವರ್ಷ. ನೀವು ನೋಡಿದ ಬೆಳಕು ಅಲ್ಲಿಂದ ಹೊರಟಿದ್ದು 1980ರ ದಶಕದ ಆರಂಭದಲ್ಲಿ, ಅಂದರೆ ನಿಮ್ಮ ಅಜ್ಜಿಗೆ ಆಗ ಎಷ್ಟು ವಯಸ್ಸು ಅಂತ ಕೇಳಿ ಬರೆದರೆ ಸಾಕು, ಓದುಗರಿಗೆ ಆ ದೂರ ತಾನಾಗಿ ತಿಳಿಯುತ್ತದೆ.

ಬಣ್ಣದ ವಿಷಯ ನೀವು ಹಾಗೇ ಬಿಟ್ಟಿದ್ದೀರಿ. ನಕ್ಷತ್ರ ಆಗ ತಾನೇ ಮೇಲೇರುತ್ತಿತ್ತು. ಅಷ್ಟು ಕೆಳಗಿದ್ದಾಗ ಅದರ ಬೆಳಕು ದಪ್ಪನೆಯ ಗಾಳಿಯನ್ನು ದಾಟಿ ಬರಬೇಕು, ಅದಕ್ಕೇ ಆ ಬಣ್ಣದಾಟ. ಅದೇ ನಕ್ಷತ್ರವನ್ನು ಫೆಬ್ರವರಿ ಮೊದಲ ವಾರ ರಾತ್ರಿ ಒಂಬತ್ತಕ್ಕೆ ಉತ್ತರಕ್ಕೆ ಮುಖ ಮಾಡಿ ನೋಡಿ. ದಿಗಂತಕ್ಕೂ ನೆತ್ತಿಗೂ ನಡುವೆ, ಅರ್ಧಕ್ಕಿಂತ ಸ್ವಲ್ಪ ಮೇಲೆ, ಶಾಂತವಾಗಿ, ತಿಳಿ ಹಳದಿಯಾಗಿ ಇರುತ್ತದೆ.

ಈಗ ತಪ್ಪುಗಳು. ‘ಬೈನಾಕ್ಯುಲರ್‌ನಲ್ಲಿ ನಾಲ್ಕೂ ನಕ್ಷತ್ರಗಳು ಬೇರೆ ಬೇರೆಯಾಗಿ ಕಂಡವು’ ಎಂದು ಬರೆದಿದ್ದೀರಿ. ಇಲ್ಲ ಮಾರಾಯ್ರೇ, ಕಂಡಿರಲು ಸಾಧ್ಯವೇ ಇಲ್ಲ. ಒಂದೇ ಚುಕ್ಕಿಯಾಗಿ ಕಾಣುವ ಬ್ರಹ್ಮಹೃದಯದಲ್ಲಿ ನಾಲ್ಕು ನಕ್ಷತ್ರಗಳಿರುವುದು ನಿಜ. ಆದರೆ ಹೊಳೆಯುವ ಎರಡು ದೈತ್ಯ ನಕ್ಷತ್ರಗಳ ನಡುವಿನ ಅಂತರ ಹೆಚ್ಚುಕಮ್ಮಿ ಸೂರ್ಯನಿಗೂ ಶುಕ್ರನಿಗೂ ಇರುವಷ್ಟೇ. ಇಲ್ಲಿಂದ ಅದನ್ನು ಬಿಡಿಸಿ ನೋಡುವುದೆಂದರೆ ಬೆಂಗಳೂರಲ್ಲಿ ಕೂತು ತುಮಕೂರಲ್ಲಿಟ್ಟ ಒಂದು ರೂಪಾಯಿ ನಾಣ್ಯದ ಎರಡು ಅಂಚುಗಳನ್ನು ಬೇರೆ ಬೇರೆಯಾಗಿ ನೋಡಿದ ಹಾಗೆ. ಉಳಿದೆರಡು ಮಂಕಾದ ಕೆಂಪು ಕುಬ್ಜಗಳು (ಸೂರ್ಯನಿಗಿಂತ ಚಿಕ್ಕ, ತಂಪು ನಕ್ಷತ್ರಗಳು), ಭೂಮಿ-ಸೂರ್ಯರ ದೂರದ ಸುಮಾರು ಹತ್ತು ಸಾವಿರ ಪಟ್ಟು ಆಚೆ ಇವೆ. ಎಲ್ಲೋ ಓದಿದ್ದನ್ನು ‘ಕಂಡೆ’ ಅಂತ ಬರೆಯಬೇಡಿ. ನಾನೂ ಶುರುವಿನಲ್ಲಿ ಇದೇ ಕೆಲಸ ಮಾಡಿ, ಓದುಗರೊಬ್ಬರಿಂದ ಸರಿಯಾಗಿ ಬೈಸಿಕೊಂಡಿದ್ದೇನೆ.

ಬೇರೆ ಬೇರೆಯಾಗಿ ಕಾಣದೆಯೇ ಎರಡು ಅಂತ ಹೇಗೆ ಗೊತ್ತಾಯಿತು? ಇದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಒಂದು ಪುಟ ಬೇಕು. 1899ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಬೆಲ್ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ನ್ಯೂವಾಲ್, ಇಬ್ಬರೂ ತಮ್ಮ ಪಾಡಿಗೆ ತಾವು ಇದರ ಬೆಳಕನ್ನು ಪಟ್ಟಿಯಾಗಿ ಹರಡಿ ನೋಡಿದಾಗ ಅದರೊಳಗಿನ ಗೆರೆಗಳು ಅತ್ತಿತ್ತ ಸರಿಯುತ್ತಿದ್ದವು. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಾ ನಮ್ಮತ್ತ ಬಂದು, ದೂರ ಹೋದಾಗ ಹೀಗಾಗುತ್ತದೆ. ಜೋಡಿ ಒಂದನ್ನೊಂದು ಸುತ್ತಲು ತೆಗೆದುಕೊಳ್ಳುವುದು 104 ದಿನ. ಇಪ್ಪತ್ತು ವರ್ಷದ ಮೇಲೆ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಇಂಚಿನ ದೂರದರ್ಶಕಕ್ಕೆ ಇಂಟರ್‌ಫೆರೋಮೀಟರ್ (ಬೆಳಕಿನ ಅಲೆಗಳನ್ನು ಸೇರಿಸಿ ಸೂಕ್ಷ್ಮ ಅಂತರ ಅಳೆಯುವ ಉಪಕರಣ) ಜೋಡಿಸಿ ಆ ಅಂತರವನ್ನು ಅಳೆದರು. ಎರಡು ಚುಕ್ಕಿಗಳ ಚಿತ್ರವೇ ಸಿಕ್ಕಿದ್ದು 1995ರಲ್ಲಿ, ಮತ್ತೆ ಕೇಂಬ್ರಿಜ್‌ನಲ್ಲೇ.

ಇನ್ನೊಂದು ತಪ್ಪು: ‘ಸಾಯುತ್ತಿರುವ ಈ ದೈತ್ಯ ಯಾವ ಕ್ಷಣದಲ್ಲಾದರೂ ಸ್ಫೋಟಿಸಬಹುದು.’ ಹೆದರಿಸುವ ವಾಕ್ಯ ಚೆನ್ನಾಗಿದೆ, ಆದರೆ ಸುಳ್ಳು. ಸೂಪರ್‌ನೋವಾ ಆಗಿ ಸಿಡಿಯಲು ಸೂರ್ಯನ ಎಂಟು ಪಟ್ಟಾದರೂ ತೂಕ ಬೇಕು. ಈ ಎರಡು ದೈತ್ಯಗಳು ಎರಡೂವರೆ ಪಟ್ಟಿನ ಆಸುಪಾಸಿನವು, ಕೊನೆಗೆ ಬಿಳಿ ಕುಬ್ಜಗಳಾಗಿ, ಅಂದರೆ ಉರಿದು ಮುಗಿದ ನಕ್ಷತ್ರದ ಪುಟ್ಟ ತಿರುಳಾಗಿ, ತಣ್ಣಗಾಗುತ್ತವೆ.

ಮತ್ತೆ, ಅಸಲಿ ಕಥೆ ಆ ತೂಕದಲ್ಲೇ ಇದೆ. ನಿಮ್ಮ ಕೈಯಲ್ಲೇ ಇತ್ತು, ನೀವು ನೋಡಲೇ ಇಲ್ಲ! ಒಂದು 2.57 ಸೂರ್ಯರಷ್ಟು, ಇನ್ನೊಂದು 2.48. ಒಟ್ಟಿಗೆ ಹುಟ್ಟಿದವು, ತೂಕದಲ್ಲಿ ನೂರಕ್ಕೆ ನಾಲ್ಕರಷ್ಟೂ ವ್ಯತ್ಯಾಸವಿಲ್ಲ. ಭಾರವಿದ್ದದ್ದು, ಅದನ್ನು ಅಣ್ಣ ಅನ್ನೋಣ, ಸ್ವಲ್ಪ ಬೇಗ ಇಂಧನ ಖರ್ಚು ಮಾಡಿತು, ಅಷ್ಟೇ. ಅದು ಈಗಾಗಲೇ ಉಬ್ಬಿ, ಸ್ವಲ್ಪ ಇಳಿದು, ಒಡಲೊಳಗೆ ಹೀಲಿಯಂ ಉರಿಸಿಕೊಂಡು ಕೂತಿದೆ. ತಮ್ಮನದ್ದು ಹೈಡ್ರೋಜನ್ ಮುಗಿದು ಈಗಷ್ಟೇ ಉಬ್ಬುವ ಹಂತ. ಅಣ್ಣ ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಲು 104 ದಿನ ತೆಗೆದುಕೊಂಡರೆ ತಮ್ಮ ಇನ್ನೂ ಒಂಬತ್ತು ದಿನದೊಳಗೇ ಗಿರ್ರನೆ ತಿರುಗುತ್ತಾನೆ. ತಮ್ಮನ ಈ ಹಂತ ನಕ್ಷತ್ರದ ಆಯಸ್ಸಿನಲ್ಲಿ ಬಹಳ ಚಿಕ್ಕದು, ಹಾಗಾಗಿ ಅದನ್ನು ನಡುದಾರಿಯಲ್ಲಿ ಹಿಡಿಯುವುದೇ ಅಪರೂಪ, ಅಂಥದ್ದರಲ್ಲಿ ಆಕಾಶದ ಆರನೇ ಅತಿ ಹೊಳಪಿನ ನಕ್ಷತ್ರದಲ್ಲೇ ಅದು ನಡೆಯುತ್ತಿದೆ ಅಂದರೆ ನಮ್ಮ ಅದೃಷ್ಟ ಅಲ್ವಾ? ಲೇಖನದ ಅರ್ಧ ಜಾಗ ಇದಕ್ಕೇ ಕೊಡಿ.

ಗ್ರೀಕ್ ಮೇಕೆಯ ಕಥೆ ಒಂದೂವರೆ ಪುಟ ಜಾಸ್ತಿ ಆಯಿತು. ‘ಕಪೆಲ್ಲಾ’ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಮೇಕೆ, ಅಷ್ಟು ಸಾಕು. ಬ್ರಹ್ಮಹೃದಯ ಎಂಬ ಹೆಸರನ್ನು ತಲೆಬರಹದಲ್ಲೇ ಇಟ್ಟು, ಅದು ಸೂರ್ಯಸಿದ್ಧಾಂತ ಎಂಬ ಪ್ರಾಚೀನ ಖಗೋಳ ಗ್ರಂಥದಲ್ಲಿ ಅಗಸ್ತ್ಯ, ಅಗ್ನಿ ಎಂಬ ನಕ್ಷತ್ರಗಳ ಜೊತೆಗೆ ಸ್ಥಾನ ಸಮೇತ ಬರುತ್ತದೆ ಎಂಬ ಒಂದು ಮಾತೂ ಇಲ್ಲ. ಅದಿರಲಿ. ಪಕ್ಕದಲ್ಲೇ 27 ವರ್ಷಕ್ಕೊಮ್ಮೆ ಮಂಕಾಗುವ ಎಪ್ಸಿಲಾನ್ ನಕ್ಷತ್ರವನ್ನೂ ತುರುಕಿದ್ದೀರಿ, ಅದನ್ನು ಇನ್ನೊಂದು ಲೇಖನಕ್ಕೆ ಉಳಿಸಿಕೊಳ್ಳಿ, ನಾನೇ ಕೇಳುತ್ತೇನೆ.

ಸಾವಿರ ಪದ ದಾಟದ ಹಾಗೆ ಮತ್ತೆ ಬರೆದು ಕಳಿಸಿ. ನೆಟ್‌ನಿಂದ ಇಳಿಸಿದ ಫೋಟೋ ಬೇಡ. ತಾರಸಿಯಿಂದ ಕಂಡ ಹಾಗೆ ಬ್ರಹ್ಮಹೃದಯವಿರುವ ವಿಜಯಸಾರಥಿ ನಕ್ಷತ್ರಪುಂಜವನ್ನು ಪೆನ್ಸಿಲ್‌ನಲ್ಲಿ ಗೀಚಿದರೂ ಆದೀತು, ತೆಂಗಿನ ಮರ ಇರಲಿ.

ಅಂದ ಹಾಗೆ, ಅದು ವಿಮಾನ ಅಲ್ಲ ಅಂತ ಹೇಳಿದ ಮೇಲೆ ಅಜ್ಜಿ ಏನಂದರು? ನೀವು ಬರೆದೇ ಇಲ್ಲ.