ಕರಾವಳಿಯಿಂದ ಭಾರತ ತಂಡಕ್ಕೆ ಆಡಿದ ವಿಕೆಟ್ ಕೀಪರ್ ಯಾರಾದರೂ ಇದ್ದಾರಾ? ಕಾರವಾರದ ನನ್ನ ತಮ್ಮನೂ ಕೀಪರ್.

ಇದ್ದಾರೆ. ಬುಧಿ ಕುಂದರನ್. ಉತ್ತರ ಕನ್ನಡದವರಲ್ಲ, ನಮ್ಮದೇ ಕರಾವಳಿಯ ಮುಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು. ಕಾರವಾರದ ಮಾಲಾದೇವಿ ಮೈದಾನದಲ್ಲಿ ಆಡುವ ಹುಡುಗರಿಗೆ ಇವರ ಹೆಸರು ಗೊತ್ತಿರಲೇಬೇಕು.

ರಣಜಿ ಆಡುವ ಮೊದಲೇ, 1960ರಲ್ಲಿ, ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡಿಬಿಟ್ಟರು! ಆಗ ಕೀಪರ್ ಅಂದ್ರೆ ಕ್ಯಾಚ್ ಹಿಡಿದರೆ ಸಾಕು, ಕೊನೆಯಲ್ಲಿ ನಾಲ್ಕು ರನ್ ಹೊಡೆದರೆ ಲಾಭ ಎನ್ನುವ ಕಾಲ. ಕುಂದರನ್ ಇನಿಂಗ್ಸ್ ಶುರು ಮಾಡಲು ಇಳಿದು ಹೊಡೆಯುತ್ತಿದ್ದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192. ಆ ಸರಣಿಯ ಐದು ಟೆಸ್ಟ್‌ಗಳಲ್ಲಿ 525 ರನ್.

ಇಷ್ಟಾದರೂ ಆಡಿದ್ದು ಒಟ್ಟು 18 ಟೆಸ್ಟ್ ಮಾತ್ರ. ತಂಡದಲ್ಲಿ ಕೀಪರ್‌ಗೆ ಇರುವುದು ಒಂದೇ ಜಾಗ ಅಲ್ವಾ? ಅದೇ ಕಾಲಕ್ಕೆ ಇನ್ನೊಬ್ಬ ಕೀಪರ್ ಫಾರೂಖ್ ಎಂಜಿನಿಯರ್ ಕೂಡ ಇದ್ದರು. 1967ರಲ್ಲಿ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಕುಂದರನ್ ಹೊಸ ಚೆಂಡಿನಲ್ಲಿ ಬೌಲಿಂಗ್ ಕೂಡ ಮಾಡಿದರು. ಅವರ ಟೆಸ್ಟ್ ಬದುಕು ಅಲ್ಲಿಗೇ ಮುಗಿಯಿತು. ಆಮೇಲೆ ಸ್ಕಾಟ್ಲೆಂಡ್‌ನಲ್ಲಿ ನೆಲೆಸಿ ಅಲ್ಲಿನ ತಂಡಕ್ಕೂ ಆಡಿದರು. ಅವರಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅನ್ನೋದು ನನ್ನ ಬೇಸರ.

ನಿಮ್ಮ ತಮ್ಮನಿಗೆ ಒಂದು ಮಾತು. ಟೆನಿಸ್ ಬಾಲ್‌ನಲ್ಲಿ ಕೀಪಿಂಗ್ ಚೆನ್ನಾಗಿದ್ದರೂ ಸಾಲದು. ಲೆದರ್ ಬಾಲ್‌ನಲ್ಲಿ, ಅದರಲ್ಲೂ ಸ್ಪಿನ್ನರ್‌ಗೆ ಸ್ಟಂಪ್ ಹತ್ತಿರ ನಿಂತು ಅಭ್ಯಾಸ ಮಾಡಲಿ. ಚೆಂಡು ಪುಟಿಯುವ ತನಕ ಕೂತೇ ಇರಬೇಕು, ಬೇಗ ಏಳಬಾರದು. ಜೊತೆಗೆ ದಿನವೂ ಬ್ಯಾಟಿಂಗ್. ಈಗಂತೂ ರನ್ ಹೊಡೆಯದ ಕೀಪರ್‌ಗೆ ಅವಕಾಶ ತುಂಬಾ ಕಡಿಮೆ.