ಚರಂಡಿ ಇನ್ನೂ ಬಂದು ಸೇರುತ್ತಿರುವ ಕೊಳಚೆ ನದಿಯ ಹೂಳಿಗೆ ವಾಸನೆ ಹೋಗಲೆಂದು ನೈಟ್ರೇಟ್ ಹಾಕಿದರೆ ಭಾರಲೋಹ ನೀರಿಗೆ ಬರುತ್ತದಾ? ಡೋಸ್ ಎಷ್ಟು?

ಬರುತ್ತದೆ. ಎಂ.ಟೆಕ್‌ನಲ್ಲಿ ನಾನೂ ಇದೇ ಡೋಸ್ ಲೆಕ್ಕದಿಂದ ಶುರು ಮಾಡಿದ್ದೆ. ನನ್ನದು ಬೆಂಗಳೂರಿನ ಕೊಳಚೆ ಹೊರುವ ವೃಷಭಾವತಿ ನದಿಯ ಕರಿ ಹೂಳು. ಗಾಜಿನ ಕೊಳವೆಗೆ ತುಂಬಿ ಕ್ಯಾಲ್ಸಿಯಂ ನೈಟ್ರೇಟ್ ಚುಚ್ಚಿದೆ. ಕೆಲವು ವಾರದಲ್ಲಿ ಗಬ್ಬು ವಾಸನೆ ಹೋಯಿತು, ಕಪ್ಪು ಹೋಗಿ ಕಂದು ಬಂತು. ಗೈಡ್‌ಗೂ ಖುಷಿ. ಸುಲಭವಾಗಿ ನೀರಿಗೆ ಬರುವಂಥ ಸಡಿಲವಾದ ಲೋಹ ಎಷ್ಟಿದೆ ಎಂದು ಅಳೆದರೆ, ನೈಟ್ರೇಟ್ ಹಾಕಿದ ಹೂಳಿಗೂ ಹಾಕದ್ದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. 'ಲೋಹ ಬಿಡುಗಡೆ ಆಗುವುದಿಲ್ಲ' ಎಂದು ಒಂದು ಅಧ್ಯಾಯವನ್ನೇ ಬರೆದುಬಿಟ್ಟೆ.

ಕೆಟ್ಟಿದ್ದು ಓವನ್‌ನಲ್ಲಿ. ಎರಡನ್ನೂ 105 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ಆಮೇಲೆ ಅಳೆದಿದ್ದೆ. ಮಣ್ಣು ಪರೀಕ್ಷೆಗೆ ಒಣಗಿಸುವುದು ಮಾಮೂಲಿ ಅಲ್ವಾ? ಕರಿ ಹೂಳಿಗೆ ಅದು ನಡೆಯುವುದಿಲ್ಲ. ಆ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡ್‌ದು, ಅಂದರೆ ಗಂಧಕದ ಜೊತೆ ಕೂಡಿದ ಕಬ್ಬಿಣದ್ದು. ಸತು, ಕ್ಯಾಡ್ಮಿಯಂ, ಸೀಸ ಕೂಡ ಅಲ್ಲಿ ಹೆಚ್ಚಾಗಿ ಸಲ್ಫೈಡ್ ಆಗಿ ಕಟ್ಟಿಬಿದ್ದಿರುತ್ತವೆ. ನೈಟ್ರೇಟ್ ಸಿಕ್ಕರೆ ಬ್ಯಾಕ್ಟೀರಿಯಾಗಳು ಸಲ್ಫೈಡನ್ನು ಸಲ್ಫೇಟ್ ಮಾಡುತ್ತವೆ, ಕಟ್ಟು ಬಿಚ್ಚಿಕೊಳ್ಳುತ್ತದೆ. ಬಿಸಿಗಾಳಿ ಮಾಡುವುದೂ ಅದನ್ನೇ! ಹೋಲಿಕೆಗೆಂದು ಮುಟ್ಟದೆ ಇಟ್ಟಿದ್ದ ಹೂಳಿಗೂ ನಾನೇ ಓವನ್‌ನಲ್ಲಿ ಟ್ರೀಟ್‌ಮೆಂಟ್ ಕೊಟ್ಟ ಹಾಗಾಯಿತು. ವ್ಯತ್ಯಾಸ ಕಾಣುವುದಾದರೂ ಹೇಗೆ? ಹಸಿ ಹೂಳನ್ನು ಗಾಳಿ ತಾಗದಂತೆ, ನೈಟ್ರೋಜನ್ ತುಂಬಿದ ಗ್ಲೋವ್ ಬ್ಯಾಗ್‌ನಲ್ಲಿ (ಕೈಗವಸು ಜೋಡಿಸಿದ ಮುಚ್ಚಿದ ಚೀಲ) ತೆರೆಯಬೇಕಿತ್ತು. ಕಣಗಳ ನಡುವಿನ ನೀರನ್ನು ಸೆಂಟ್ರಿಫ್ಯೂಜ್‌ನಲ್ಲಿ ತೆಗೆದು, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆಮೇಲೆ ಆಸಿಡ್ ಹಾಕಬೇಕಿತ್ತು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಇಷ್ಟೇ: "ಒಣಗಿಸಿದ್ರಾ?" ಅಧ್ಯಾಯವೂ ಹೋಯಿತು, ಒಂದು ಸೆಮಿಸ್ಟರೂ ಹೋಯಿತು.

ಹಸಿಯಾಗಿ ಮತ್ತೆ ಮಾಡಿದಾಗ ಆ ನೀರಿನಲ್ಲಿ ಸತು ಚೆನ್ನಾಗಿಯೇ ಏರಿತು. ತಾಮ್ರ ಅಷ್ಟಾಗಿ ಅಲ್ಲಾಡಲಿಲ್ಲ, ಅದರ ಸಲ್ಫೈಡ್ ಬಲು ಗಟ್ಟಿ. ಬಿಡುಗಡೆಯಾದ ಲೋಹದಲ್ಲಿ ಒಂದಿಷ್ಟನ್ನು ಹೊಸದಾಗಿ ಹುಟ್ಟಿದ ಕಬ್ಬಿಣದ ತುಕ್ಕು ಹಿಡಿದುಕೊಂಡಿತು. ಪೂರ್ತಿ ಅಲ್ಲ.

ಡೋಸ್ ಬೇಕೇ ಬೇಕು ಅಂದರೆ, 5 ಮೋಲ್ ಸಲ್ಫೈಡ್‌ಗೆ 8 ಮೋಲ್ ನೈಟ್ರೇಟ್ ಎನ್ನುವುದು ಪುಸ್ತಕದ ಲೆಕ್ಕ. ಹೂಳಿನ ಕೊಳೆಯೂ ನೈಟ್ರೇಟ್ ತಿನ್ನುವುದರಿಂದ ಜಾಸ್ತಿಯೇ ಬೇಕು. ಆದರೆ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹಾಂಗ್‌ಕಾಂಗ್‌ನ ಶಿಂಗ್ ಮುನ್ ನದಿಯಲ್ಲಿ ವಾಸನೆಗೆಂದು ಇದನ್ನೇ ಚುಚ್ಚಿದರು, ನಿಜ. ಅದಕ್ಕೂ ಮೊದಲು ವರ್ಷಗಟ್ಟಲೆ ಮೇಲಿನ ಕೊಳಚೆ ತಡೆದಿದ್ದರು. ನಿಮ್ಮಲ್ಲಿ ಚರಂಡಿ ಇನ್ನೂ ಬಂದು ಸೇರುತ್ತಿದೆ ಅಂತೀರಿ. ಹಾಗಿದ್ದರೆ ನೈಟ್ರೇಟ್ ಮುಗಿದ ಮೇಲೆ ಹೂಳು ಮತ್ತೆ ಕಪ್ಪಾಗುತ್ತದೆ, ಅಷ್ಟರಲ್ಲಿ ಬಿಟ್ಟುಹೋದ ಲೋಹ ವಾಪಸ್ ಬರುವುದಿಲ್ಲ. ವೃಷಭಾವತಿಯದು ಹೋಗುವುದು ಬೈರಮಂಗಲ ಕೆರೆಗೆ, ಅಲ್ಲಿಂದ ಹೊಲಕ್ಕೆ. ಚರಂಡಿ ನಿಲ್ಲುವವರೆಗೆ ವಾಸನೆ ಸಹಿಸಿಕೊಳ್ಳಿ, ಹೂಳನ್ನು ಸುಮ್ನೆ ಕೆದಕಬೇಡಿ. ಪೈಲಟ್ ಮಾಡಲೇಬೇಕಿದ್ದರೆ ಸಲ್ಫೈಡ್ ಮತ್ತು ಅದರ ಜೊತೆ ಆಸಿಡ್‌ಗೆ ಕರಗುವ ಲೋಹ ಎರಡನ್ನೂ ಹಸಿ ಹೂಳಿನಲ್ಲೇ ಅಳೆಸಿ. 'ಒಣಗಿಸಿ ಕಳಿಸಿ' ಅನ್ನುವ ಲ್ಯಾಬ್‌ಗೆ ದುಡ್ಡು ಕೊಡಬೇಡಿ.