ಕಲಿಯುವವರಿಗೆ ಯಾವ ಕಡಲು?

ಪ್ರಶ್ನೆ: ನನಗೆ 28 ವರ್ಷ. ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಲ್ಯಾಪ್‌ಟಾಪಿನ ಮುಂದೆ ಇರಬೇಕು. ತಿಂಗಳಿಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಕೈಗೆ ಬರುತ್ತದೆ. ಕಳೆದ ಎರಡು ಚಳಿಗಾಲ ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿತಿದ್ದೇನೆ. ಒಡೆದು ಬರುವ ನೊರೆಯ ಮೇಲೆ ಎದ್ದು ನಿಲ್ಲಬಲ್ಲೆ, ಒಡೆಯದ ಅಲೆಯನ್ನು ಹಿಡಿಯಲು ಇನ್ನೂ ಬರುವುದಿಲ್ಲ. ಒಂದು ವರ್ಷ ಹೊರದೇಶದಲ್ಲಿದ್ದು ಸರಿಯಾಗಿ ಕಲಿಯಬೇಕೆಂಬ ಆಸೆ. ಬಾಲಿ, ಪೋರ್ಚುಗಲ್, ಆಸ್ಟ್ರೇಲಿಯಾ, ಈ ಮೂರರಲ್ಲಿ ಯಾವುದು ಸೂಕ್ತ?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಈ ಮೂರು ಊರುಗಳಿಗೆ ಹೆಸರು ತಂದುಕೊಟ್ಟ ಅಲೆಗಳು ಯಾವುವೋ ಅವು ನಿಮಗೆ ಬೇಕಾದ ಅಲೆಗಳಲ್ಲ. ಪೋರ್ಚುಗಲ್ಲಿನ ನಜರೆಯಲ್ಲಿ 2020ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟ್ಯೂಡ್ನರ್ 86 ಅಡಿಯ ಅಲೆಯ ಮೇಲೆ ಇಳಿದು ದಾಖಲೆ ಮಾಡಿದರು. ಬಾಲಿಯ ಉಲುವಾಟು ಹವಳದ ದಿಬ್ಬದ ಮೇಲೆ ಒಡೆಯುವ ಅಲೆ. ನಿಮಗೆ ಬೇಕಾದದ್ದು ಮರಳಿನ ತಳವಿರುವ ದಡ, ಸೊಂಟದೆತ್ತರದ ಸಾಧು ಅಲೆ ಮತ್ತು ಅಂಥ ಅಲೆ ವಾರಕ್ಕೆ ನಾಲ್ಕೈದು ದಿನವಾದರೂ ಸಿಗುವ ಖಾತರಿ. ಸರ್ಫಿಂಗ್‌ನಲ್ಲಿ ಒಂದು ತಾಸು ನೀರಿನಲ್ಲಿದ್ದರೂ ಹಲಗೆಯ ಮೇಲೆ ನಿಂತ ಹೊತ್ತು ಬಹಳ ಕಡಿಮೆ. ಆದ್ದರಿಂದ ಕಲಿಯುವವರು ಲೆಕ್ಕ ಹಾಕಬೇಕಾದದ್ದು ಅಲೆಯ ಎತ್ತರವನ್ನಲ್ಲ, ನೀರಿಗಿಳಿಯಲು ಸಾಧ್ಯವಾಗುವ ದಿನಗಳನ್ನು.

ಅಲೆಯ ಸ್ವಭಾವವನ್ನು ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ‘ಕಳ್ಳಕ್ಕಡಲ್’ ಎಂಬ ಮಲಯಾಳ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ತಿಳಿಯಾಗಿದೆ. ಆದರೂ ಕಡಲು ಕಳ್ಳನಂತೆ ಏರಿ ತಡೆಗೋಡೆ ದಾಟಿ ಅಂಗಳಕ್ಕೆ ಬರುತ್ತದೆ. ಹಿಂದೂ ಮಹಾಸಾಗರದ ತೀರ ದಕ್ಷಿಣದಲ್ಲಿ ಎದ್ದ ಬಿರುಗಾಳಿ ಹುಟ್ಟಿಸಿದ ಉಬ್ಬು ಸಾವಿರಾರು ಕಿಲೋಮೀಟರ್ ಸಾಗಿ ಇಲ್ಲಿಗೆ ಮುಟ್ಟುವುದೇ ಇದಕ್ಕೆ ಕಾರಣ. ಕಡಲಿನ ಸ್ಥಿತಿಗತಿಯನ್ನು ಗಮನಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುವುದೂ ಇದೇ ಹೆಸರಿನಲ್ಲಿ. ಬಾಲಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲೆ ಕಳುಹಿಸುವುದು ಇದೇ ದಕ್ಷಿಣದ ಕಡಲು, ಮಧ್ಯದಲ್ಲಿ ತಡೆಯುವ ನೆಲವಿಲ್ಲದೆ. ಹೀಗೆ ದೂರದಿಂದ ಬಂದ ಅಲೆಗಳ ನಡುವೆ 14, 15 ಸೆಕೆಂಡುಗಳ ಅಂತರವಿರುತ್ತದೆ. ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳಲ್ಲಿ ಅದು ಆರೇಳು ಸೆಕೆಂಡು ಮಾತ್ರ. ಮೊಬೈಲಿನಲ್ಲಿ ಎರಡಕ್ಕೂ ‘ಒಂದು ಮೀಟರ್’ ಎಂದೇ ತೋರಿಸಿದರೂ ಮೊದಲನೆಯದು ಮೈಮೇಲೆ ಬಿದ್ದಾಗ ಅದರ ತೂಕವೇ ಬೇರೆ. ಮುನ್ಸೂಚನೆಯಲ್ಲಿ ಎತ್ತರದ ಪಕ್ಕದಲ್ಲಿರುವ ಸೆಕೆಂಡಿನ ಅಂಕಿಯನ್ನು ಓದುವ ಅಭ್ಯಾಸವನ್ನು ಇಂದಿನಿಂದಲೇ ಮಾಡಿಕೊಳ್ಳಿ.

ತಳದ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತವನು. ಬಾಲಿಯಲ್ಲಿ ಮೊದಲ ಸಲ ಕೋಣೆ ಹಿಡಿದಾಗ ಕಿಟಕಿಯಿಂದ ಅಲೆ ಕಾಣುತ್ತದೆ ಎಂಬುದೊಂದನ್ನೇ ನೋಡಿ ಒಂದು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಿದ್ದೆ. ಇಳಿತದ ಹೊತ್ತಿನಲ್ಲಿ ಮೊಣಕಾಲಷ್ಟು ನೀರಿನ ಕೆಳಗೆ ಹವಳದ ಬಂಡೆ ಹರಡಿರುವುದು ಗೊತ್ತಾದದ್ದು ಹಲಗೆಯಿಂದ ಬಿದ್ದು ಕಾಲೂರಿದ ಮೇಲೆ. ಅಂಗಾಲಿನ ಗಾಯ ನೋಡಲು ಚಿಕ್ಕದು, ಆದರೆ ಹವಳದ ಚೂರು ಒಳಗುಳಿದು ಕೀವಾಗಿ, ಹನ್ನೊಂದು ದಿನ ಅದೇ ಕಿಟಕಿಯಲ್ಲಿ ಕುಳಿತು ಅಲೆಗಳನ್ನು ನೋಡಿದೆ. ಮನೆ ಗೊತ್ತುಮಾಡುವ ಮೊದಲು ಇಳಿತದ ಹೊತ್ತಿಗೆ ಹೋಗಿ, ಅರ್ಧ ತಾಸು ದಡದಲ್ಲಿ ನಿಂತು, ನಿಮ್ಮಷ್ಟೇ ಬರುವವರು ಎಲ್ಲಿ ಇಳಿಯುತ್ತಾರೆ, ಬಿದ್ದವರು ಎಲ್ಲಿ ಏಳುತ್ತಾರೆ ಎಂದು ನೋಡಬೇಕು. ಬಾಲಿಯಲ್ಲಿ ಅಂಥ ಜಾಗ ಕೂಟಾ, ತಳ ಮರಳಿನದು.

ಇನ್ನು ಗಡಿಯಾರದ ಮಾತು. ಸಾಮಾನ್ಯವಾಗಿ ಬೆಳಗಿನ ಹೊತ್ತು ಗಾಳಿ ತಗ್ಗಿದ್ದು ನೀರಿನ ಮೈ ನಯವಾಗಿರುತ್ತದೆ. ಮಧ್ಯಾಹ್ನದ ಕಡಲಗಾಳಿ ಅಲೆಯನ್ನು ಕಲಕಿಬಿಡುತ್ತದೆ. ಬಾಲಿಯ ಸಮಯ ನಮಗಿಂತ ಎರಡೂವರೆ ತಾಸು ಮುಂದಿರುವುದರಿಂದ ನಿಮ್ಮ ಕಚೇರಿ ಅಲ್ಲಿ ಮಧ್ಯಾಹ್ನ 12.30ಕ್ಕೆ ಆರಂಭವಾಗುತ್ತದೆ, ಇಡೀ ಬೆಳಗು ನಿಮ್ಮದು. ಪೋರ್ಚುಗಲ್ಲಿನಲ್ಲಿ ಇದು ತಲೆಕೆಳಗು: ಬೇಸಿಗೆಯಲ್ಲಿ ಬೆಳಗಿನ ಜಾವ 5.30ಕ್ಕೆ ಕೆಲಸಕ್ಕೆ ಕುಳಿತು 2.30ಕ್ಕೆ ಎದ್ದರೆ ಹೊರಗೆ ‘ನೊರ್ತಾದ’ ಎಂದು ಅಲ್ಲಿನವರು ಕರೆಯುವ ಬಡಗಣ ಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಆ ಗಾಳಿ ಕಡಿಮೆ, ಆದರೆ ಅಟ್ಲಾಂಟಿಕ್ ಅಲೆಗಳು ಕಲಿಯುವವರ ಅಳವಿಗೆ ಮೀರಿ ಬೆಳೆಯುತ್ತವೆ, ನೀರು 14, 15 ಡಿಗ್ರಿಗೆ ಇಳಿಯುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಬೆಳೆದವರಿಗೆ ದಪ್ಪ ರಬ್ಬರಿನ ಉಡುಪು ಹಾಕಿಕೊಂಡು ತೋಳು ಬೀಸುವುದೇ ಒಂದು ಬೇರೆ ವಿದ್ಯೆ. ಎರಿಸೈರಾ, ಪೆನಿಷೆ ಸೊಗಸಾದ ಊರುಗಳೆಂಬುದರಲ್ಲಿ ಅನುಮಾನವಿಲ್ಲ. ಎರಡನೆಯ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ಬಾಲಿಯೇ ಸರಿಯಲ್ಲವೇ ಎಂದರೆ, ಅಲ್ಲಿ ವೀಸಾ ಅಡ್ಡ ಬರುತ್ತದೆ. ಇಂಡೋನೇಷ್ಯಾ ಭಾರತೀಯರಿಗೆ ಇಳಿದಲ್ಲಿಯೇ ಕೊಡುವ ವೀಸಾ 30 ದಿನದ್ದು, ಒಮ್ಮೆ ಮಾತ್ರ ಇನ್ನು 30 ದಿನ ವಿಸ್ತರಿಸಬಹುದು. ಅದರ ಮೇಲೆ ಕೆಲಸ ಮಾಡುವಂತಿಲ್ಲ. ದೂರದ ಕಂಪನಿಗೆ ಕೆಲಸ ಮಾಡುತ್ತಾ ಒಂದು ವರ್ಷ ಇರಲು ಪ್ರತ್ಯೇಕ ಪರವಾನಗಿ ಇದೆ, ಆದರೆ ಅದಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ನಿಮ್ಮ ಸಂಬಳ ಅದರ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿದೆ. ಪೋರ್ಚುಗಲ್ ಕೇಳುವುದು ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು, ಅಂದರೆ 2025ರ ಲೆಕ್ಕದಲ್ಲಿ ತಿಂಗಳಿಗೆ 3,480 ಯೂರೋ, ಅದೂ ಕೈಗೆಟುಕದು. ಪ್ರವಾಸಿ ವೀಸಾದಲ್ಲಿ ಕುಳಿತು ಗುಟ್ಟಾಗಿ ಲ್ಯಾಪ್‌ಟಾಪ್ ತೆರೆಯುವವರು ಎಷ್ಟೋ ಜನ ಇದ್ದಾರೆ. ಅದನ್ನು ನಾನು ನಿಮಗೆ ಹೇಳಿಕೊಡಲಾರೆ.

ಉಳಿಯುವುದು ಆಸ್ಟ್ರೇಲಿಯಾ, ಮತ್ತು ನಿಮ್ಮ ವಯಸ್ಸು ಇಲ್ಲಿ ಉಪಯೋಗಕ್ಕೆ ಬರುತ್ತದೆ. 2024ರಿಂದ ಆ ದೇಶ 18ರಿಂದ 30 ವರ್ಷದೊಳಗಿನ ಭಾರತೀಯರಿಗೆ ವರ್ಷಕ್ಕೆ 1,000 ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾಗಳನ್ನು ಚೀಟಿ ಎತ್ತುವ ಕ್ರಮದಲ್ಲಿ ಕೊಡುತ್ತಿದೆ. ಹನ್ನೆರಡು ತಿಂಗಳು ಇರಬಹುದು, ಅಲ್ಲಿಯೇ ದುಡಿಯಬಹುದು. ಕಂಪನಿಯಿಂದ ಸಂಬಳವಿಲ್ಲದ ರಜೆ ಪಡೆದು ಹೋಗುವುದಾದರೆ ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ. ಹೆಸರು ಬಂದರೆ ಸಿಡ್ನಿಗಿಂತ ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟನ್ನು ಆರಿಸಿಕೊಳ್ಳಿ: ನೀರು ಬೆಚ್ಚಗಿರುತ್ತದೆ, ಹೋಟೆಲು ಕೆಫೆಗಳಲ್ಲಿ ಕೆಲಸವಿದೆ, ಕೂಲಂಗಾಟದ ಗ್ರೀನ್‌ಮೌಂಟ್ ದಡದಲ್ಲಿ ಮರಳಿನ ಮೇಲೆ ಸಾಧು ಅಲೆ ಒಡೆಯುತ್ತದೆ. ಕೂಗಳತೆಯಲ್ಲಿರುವ ಸ್ನ್ಯಾಪರ್ ರಾಕ್ಸ್ ಮಾತ್ರ ಪಳಗಿದವರ ಸಂತೆ. ಅಲ್ಲಿ ದಡದಲ್ಲಿ ಕುಳಿತು ನೋಡಿದರೆ ಸಾಕು. ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಹತ್ತಿರವಿದ್ದಾರೋ ಆ ಅಲೆ ಅವರದು ಎಂಬ ನಿಯಮವನ್ನು ಗ್ರೀನ್‌ಮೌಂಟ್‌ನಲ್ಲಿಯೂ ಮರೆಯಬಾರದು.

ಚೀಟಿಯಲ್ಲಿ ಹೆಸರು ಬರುವುದನ್ನು ಕಾಯುತ್ತಾ ಕೂರಬೇಡಿ. ಈ ಚಳಿಗಾಲ ಕೆಲಸಕ್ಕೆ ಮೂರು ನಾಲ್ಕು ವಾರ ರಜೆ ಹಾಕಿ ಶ್ರೀಲಂಕಾದ ವೆಲಿಗಾಮಕ್ಕೆ ಹೋಗಿ ಬನ್ನಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಆ ಕೊಲ್ಲಿಯಲ್ಲಿ ಮರಳಿನ ಮೇಲೆ ಸಣ್ಣ ಅಲೆಗಳು ಬಿಡದೆ ಬರುತ್ತಿರುತ್ತವೆ. ಎಂಟು ಒಂಬತ್ತು ಅಡಿಯ ಮೆತ್ತನೆಯ ಹಲಗೆಗಳು ದಡದುದ್ದಕ್ಕೂ ಬಾಡಿಗೆಗೆ ಸಿಗುತ್ತವೆ. ನೊರೆಯಿಂದ ಒಡೆಯದ ಅಲೆಗೆ ದಾಟುವ ನಿಮ್ಮ ತೊಡಕು ಅಲ್ಲಿಯೇ ಬಿಡಬಹುದು.

ಪ್ರಶ್ನೆ: ಮಗ ಸಿಡ್ನಿಯಲ್ಲಿ ಓದುತ್ತಿದ್ದಾನೆ. ಬೋಂಡಾಯ್ ಹತ್ತಿರ ಮನೆ ಮಾಡಿ ಸರ್ಫಿಂಗ್ ಕಲಿಯುತ್ತೇನೆ ಎನ್ನುತ್ತಾನೆ. ಅಲ್ಲಿ ಶಾರ್ಕ್‌ಗಳಿವೆಯಂತೆ. ಅವನಿಗೆ ಈಜು ಬರುತ್ತದೆ, ನಮ್ಮ ತೋಟದ ಕೆರೆಯಲ್ಲಿ ಕಲಿತವನು.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಶಾರ್ಕ್ ಇರುವುದು ನಿಜ, ಆದರೆ ಆಸ್ಟ್ರೇಲಿಯಾದ ದಡಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವುದು ದಡದಿಂದ ಒಳಕಡಲಿಗೆ ಎಳೆಯುವ ನೀರಿನ ಸೆಳೆತ. ಅಡಿಕೆ ತೋಟದ ಕೆರೆಯಲ್ಲಿ ನೀರು ಎಲ್ಲಿಗೂ ಎಳೆಯುವುದಿಲ್ಲ. ಕೆರೆಯಲ್ಲಿ ಈಜಿದವನು ಸೆಳೆತಕ್ಕೆ ಸಿಕ್ಕಾಗ ಹತ್ತಿರ ಕಾಣುವ ದಡಕ್ಕೇ ನೇರವಾಗಿ ಈಜಲು ಹೋಗಿ ಸುಸ್ತಾಗುತ್ತಾನೆ. ಹಲಗೆಯನ್ನು ಬಿಡದೆ ಅದರ ಮೇಲೆ ಮಲಗಿ ಕೈಯೆತ್ತಬೇಕು, ಇಲ್ಲವೇ ದಡಕ್ಕೆ ಸಮಾನಾಂತರವಾಗಿ ಸಾಗಿ ಸೆಳೆತದಿಂದ ಹೊರಬರಬೇಕು. ಬೋಂಡಾಯ್‌ನ ದಕ್ಷಿಣದ ಮೂಲೆಯ ಸೆಳೆತಕ್ಕೆ ಅಲ್ಲಿನವರು ‘ಬ್ಯಾಕ್‌ಪ್ಯಾಕರ್ಸ್ ಎಕ್ಸ್‌ಪ್ರೆಸ್’ ಎಂದೇ ಹೆಸರಿಟ್ಟಿದ್ದಾರೆ, ಹೊಸಬರು ನೇರವಾಗಿ ಅದನ್ನೇ ಹತ್ತುತ್ತಾರೆಂದು. ಕಲಿಯುವವರು ಉತ್ತರದ ತುದಿಯಲ್ಲಿ ಇಳಿಯುತ್ತಾರೆ. ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಈಜುವವರದು, ಹಲಗೆ ಹಿಡಿದವನು ಅದರ ಹೊರಗಿರಬೇಕು. ಮನೆಯನ್ನು ಬೋಂಡಾಯ್‌ನಲ್ಲಿಯೇ ಮಾಡಬೇಕೆಂದೇನೂ ಇಲ್ಲ, ಅಲ್ಲಿನ ಬಾಡಿಗೆ ವಿದ್ಯಾರ್ಥಿಗೆ ಹೊರೆ. ಬಸ್ಸಿನಲ್ಲಿ ಹೋಗಿ ಬಂದರೂ ನಡೆಯುತ್ತದೆ. ಮೊದಲ ಹತ್ತು ಪಾಠಗಳನ್ನು ತರಬೇತುದಾರರ ಜೊತೆಯಲ್ಲಿಯೇ ಮುಗಿಸಲಿ, ಅದರ ಶುಲ್ಕವನ್ನು ಬೇಕಾದರೆ ನೀವೇ ಕಳುಹಿಸಿ.